ಡಬ್ಲ್ಯೂಡಿಜಿ-4: ಒಂದು ಸರಕು ರೈಲು ಎಂಜಿನ್ನಿನ ಚರಿತ್ರೆ ಮತ್ತು ಅದರ ಲೆಕ್ಕಾಚಾರ

ವ್ಯಾಪಾರಸ್ಥರು ರೈಲ್ವೆಗೆ ಸಾಗಣೆ ವೆಚ್ಚ ಪಾವತಿಸುವಾಗ ಸರಕಿನ ವರ್ಗ, ತೂಕ ಮತ್ತು ದೂರಗಳನ್ನು ಮಾತ್ರ ಗಮನಿಸುತ್ತಾರೆ. ವ್ಯಾಗನ್ನುಗಳ ಮುಂದೆ ಯಾವ ಎಂಜಿನ್ ಇದೆ ಎಂಬುದು ರಸೀದಿಯಲ್ಲಿ ಕಾಣುವುದಿಲ್ಲ; ದರವೂ ಅದರಿಂದ ಬದಲಾಗುವುದಿಲ್ಲ. ಆದರೆ ಒಂದು ಮಾರ್ಗದಲ್ಲಿ ದಿನಕ್ಕೆ ಎಷ್ಟು ರೇಕು ಸಾಗಬಹುದು, ಘಟ್ಟದ ಬುಡದಲ್ಲಿ ಸರಕು ಎಷ್ಟು ಹೊತ್ತು ಕಾಯಬೇಕು, ಖಾಲಿ ವ್ಯಾಗನ್ನು ಎಂದು ಹಿಂತಿರುಗುತ್ತದೆ ಎಂಬಿವೆಲ್ಲವೂ ಎಂಜಿನ್ನಿನ ಸಾಮರ್ಥ್ಯವನ್ನು ಅವಲಂಬಿಸಿವೆ. ಇವುಗಳ ಪರಿಣಾಮ ಕೊನೆಗೆ ವ್ಯಾಪಾರಿಯ ದಾಸ್ತಾನಿನ ಮೇಲೆ ಮತ್ತು ಅದಕ್ಕೆ ತೊಡಗಿಸಿದ ಹಣದ ಬಡ್ಡಿಯ ಮೇಲೆ ಬೀಳುತ್ತದೆ.

ಇದಲ್ಲದೆ, ಎಂಜಿನ್ ಎಂಬುದು ದೊಡ್ಡ ಪ್ರಮಾಣದ ಬಂಡವಾಳ ಯಂತ್ರ. ಅದನ್ನು ಹೊರದೇಶದಿಂದ ತರಿಸಿ, ಅದರ ವಿದ್ಯೆಯನ್ನು ಕಲಿತು, ಸ್ವದೇಶದಲ್ಲಿ ತಯಾರಿಸಿ, ಕೊನೆಗೆ ಕಾಲ ಬದಲಾದಾಗ ಅದರಿಂದ ಬೇರೆಡೆಗೆ ಸರಿಯುವವರೆಗಿನ ಕಥೆಯಲ್ಲಿ ಸಣ್ಣ ಕೈಗಾರಿಕೆಯ ಮಾಲೀಕನಿಗೂ ಅನ್ವಯಿಸುವ ಪಾಠಗಳಿವೆ. ಈ ದೃಷ್ಟಿಯಿಂದ ಭಾರತೀಯ ರೈಲ್ವೆಯ ಡಬ್ಲ್ಯೂಡಿಜಿ-4 ಮಾದರಿಯ ಡೀಸೆಲ್-ವಿದ್ಯುತ್ ಸರಕು ಎಂಜಿನ್ನಿನ ಚರಿತ್ರೆ ಪರಿಶೀಲನೆಗೆ ಯೋಗ್ಯವಾಗಿದೆ. ಕರ್ನಾಟಕದ ವ್ಯಾಪಾರಸ್ಥರಿಗೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಇದೆ. ಈ ಎಂಜಿನ್ನುಗಳ ಮೊದಲ ನೆಲೆ ಹುಬ್ಬಳ್ಳಿಯ ಡೀಸೆಲ್ ಶೆಡ್.

ಹೆಸರಿನ ಅರ್ಥ

ರೈಲ್ವೆಯ ಸಂಕೇತಗಳಲ್ಲಿ ಪ್ರತಿ ಅಕ್ಷರಕ್ಕೂ ಅರ್ಥವಿದೆ. 'ಡಬ್ಲ್ಯೂ' ಎಂದರೆ ಬ್ರಾಡ್‌ಗೇಜ್, 'ಡಿ' ಎಂದರೆ ಡೀಸೆಲ್, 'ಜಿ' ಎಂದರೆ ಗೂಡ್ಸ್, ಅಂದರೆ ಸರಕು. ಕೊನೆಯ '4' ಎಂಬುದು 4,000 ಅಶ್ವಶಕ್ತಿಯ ಶ್ರೇಣಿಯನ್ನು ಸೂಚಿಸುತ್ತದೆ. ಮೂಲ ತಯಾರಕರಾದ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಎಲೆಕ್ಟ್ರೋ-ಮೋಟಿವ್ ವಿಭಾಗವು ಇದೇ ಎಂಜಿನ್ನಿಗೆ ಜಿಟಿ46ಎಂಎಸಿ ಎಂಬ ಹೆಸರಿಟ್ಟಿತ್ತು.

ಹಿನ್ನೆಲೆ: ಆಲ್ಕೊ ಯುಗ

ಸ್ವಾತಂತ್ರ್ಯಾನಂತರ ಉಗಿಬಂಡಿಗಳ ಸ್ಥಾನದಲ್ಲಿ ಡೀಸೆಲ್ ಎಂಜಿನ್ನುಗಳನ್ನು ತರಲು ರೈಲ್ವೆಯು ನಿರ್ಧರಿಸಿದಾಗ, ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸವನ್ನು ಆರಿಸಿಕೊಂಡಿತು. 1962ರಲ್ಲಿ ಬಂದ 2,600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಮಾದರಿ ಪ್ರಯಾಣಿಕರ ಗಾಡಿಗೂ ಸರಕಿನ ಗಾಡಿಗೂ ಒಗ್ಗುವಂಥದು. ಇದನ್ನು ಸ್ವದೇಶದಲ್ಲಿ ತಯಾರಿಸಲು ವಾರಾಣಸಿಯಲ್ಲಿ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಲಾಯಿತು. ಅಲ್ಲಿ ತಯಾರಾದ ಮೊದಲ ಎಂಜಿನ್ನನ್ನು 1964ರ ಜನವರಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ದೇಶಕ್ಕೆ ಸಮರ್ಪಿಸಿದರು.

ಇದಾದ ಐದೇ ವರ್ಷಗಳಲ್ಲಿ, 1969ರಲ್ಲಿ, ಆಲ್ಕೊ ಕಂಪನಿಯು ರೈಲು ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ವಿದ್ಯೆ ಕೊಟ್ಟವರು ವ್ಯಾಪಾರದಿಂದ ಹೊರಗೆ ಹೋದರೂ ವಾರಾಣಸಿಯ ಕಾರ್ಖಾನೆ ನಿಲ್ಲಲಿಲ್ಲ. ನಕ್ಷೆಗಳು, ತಯಾರಿಕಾ ಕ್ರಮ ಮತ್ತು ನುರಿತ ಕೆಲಸಗಾರರು ಅದರ ಬಳಿ ಇದ್ದುದರಿಂದ ಎರಡೂವರೆ ಸಾವಿರಕ್ಕೂ ಹೆಚ್ಚು ಡಬ್ಲ್ಯೂಡಿಎಂ-2 ಎಂಜಿನ್ನುಗಳು ಈ ದೇಶದ ಹಳಿಗಳ ಮೇಲೆ ಓಡಿದವು. ಅದೇ ಮೂಲ ವಿನ್ಯಾಸವನ್ನು ತಿದ್ದಿ ಬೆಳೆಸಿ, 1995ರಲ್ಲಿ ಕೇವಲ ಸರಕು ಸಾಗಣೆಗೆಂದು 3,100 ಅಶ್ವಶಕ್ತಿಯ ಎಂಜಿನ್ನನ್ನು ಹೊರತರಲಾಯಿತು. ಇದು ನಂತರ ಡಬ್ಲ್ಯೂಡಿಜಿ-3ಎ ಎಂದು ಹೆಸರಾಯಿತು.

ಹಳೆಯ ವಿನ್ಯಾಸದ ಮಿತಿ

ಡೀಸೆಲ್ ಎಂಜಿನ್ ಚಕ್ರವನ್ನು ನೇರವಾಗಿ ತಿರುಗಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಈ ಬಗೆಯ ಲೋಕೋಮೋಟಿವ್ ಚಲಿಸುವ ಒಂದು ವಿದ್ಯುದಾಗಾರವೇ ಸರಿ. ಡೀಸೆಲ್ ಎಂಜಿನ್ ಒಂದು ಜನರೇಟರನ್ನು ತಿರುಗಿಸುತ್ತದೆ; ಅದರಿಂದ ಉತ್ಪತ್ತಿಯಾದ ವಿದ್ಯುತ್ತು ಗಾಲಿಗಳ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳಿಗೆ ಹರಿಯುತ್ತದೆ; ಮೋಟಾರುಗಳು ಗಾಲಿಗಳನ್ನು ತಿರುಗಿಸುತ್ತವೆ. ಆದುದರಿಂದಲೇ ಇದಕ್ಕೆ ಡೀಸೆಲ್-ವಿದ್ಯುತ್ ಎಂಜಿನ್ ಎಂಬ ಹೆಸರು.

ಆಲ್ಕೊ ಮೂಲದ ಎಂಜಿನ್ನುಗಳಲ್ಲಿ ಈ ಮೋಟಾರುಗಳು ನೇರ ವಿದ್ಯುತ್ತಿನವು, ಅಂದರೆ ಡಿ.ಸಿ. ಮೋಟಾರುಗಳು. ಅವುಗಳಲ್ಲಿ ಇಂಗಾಲದ ಬ್ರಷ್ಷುಗಳೂ ಕಮ್ಯುಟೇಟರೂ ಇರುತ್ತವೆ. ಬ್ರಷ್ಷು ಸವೆಯುತ್ತದೆ, ಕಮ್ಯುಟೇಟರಿನಲ್ಲಿ ಕಿಡಿ ಹಾರುತ್ತದೆ, ಧೂಳು ಮತ್ತು ತೇವದಿಂದ ಕೆಡುತ್ತದೆ. ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ಭಾರವಾದ ಗಾಡಿ ಏರಿನಲ್ಲಿ ನಿಧಾನವಾಗಿ ಸಾಗುವಾಗ ಮೋಟಾರಿನ ಮೂಲಕ ಅಧಿಕ ವಿದ್ಯುತ್ತು ಹರಿದು ಅದು ಕಾಯುತ್ತದೆ. ಒಂದು ನಿರ್ದಿಷ್ಟ ವೇಗಕ್ಕಿಂತ ಕಡಿಮೆ ವೇಗದಲ್ಲಿ ಬಹಳ ಹೊತ್ತು ಎಳೆದರೆ ಮೋಟಾರು ಸುಟ್ಟುಹೋಗುವ ಅಪಾಯವಿರುತ್ತದೆ. ಆದ್ದರಿಂದ ಅಶ್ವಶಕ್ತಿಯನ್ನು ಎಷ್ಟೇ ಹೆಚ್ಚಿಸಿದರೂ, ಎಳೆಯುವ ಭಾರವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಲು ಆಗುತ್ತಿರಲಿಲ್ಲ.

ಇಂತಹ ಸಮಸ್ಯೆ ಭಾರತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಅಮೆರಿಕದ ಕಲ್ಲಿದ್ದಲು ಗಾಡಿಗಳಲ್ಲಿಯೂ ಇದೇ ತೊಂದರೆ ಇತ್ತು. ಜನರಲ್ ಮೋಟಾರ್ಸ್ ಸಂಸ್ಥೆಯು ಜರ್ಮನಿಯ ಸೀಮೆನ್ಸ್ ಕಂಪನಿಯ ಸಹಯೋಗದೊಂದಿಗೆ ಮೂರು ಫೇಸಿನ ಎ.ಸಿ. ಮೋಟಾರುಗಳುಳ್ಳ ಎಂಜಿನ್ನನ್ನು ಅಭಿವೃದ್ಧಿಪಡಿಸಿತು. 1993ರಲ್ಲಿ ಅಲ್ಲಿನ ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆಯು ಎಸ್‌ಡಿ70ಎಂಎಸಿ ಎಂಬ ಈ ಮಾದರಿಯ 350 ಎಂಜಿನ್ನುಗಳಿಗೆ ಒಮ್ಮೆಗೇ ಬೇಡಿಕೆ ಸಲ್ಲಿಸಿತು. ಹಿಂದೆ ಐದು ಎಂಜಿನ್ನುಗಳು ಎಳೆಯುತ್ತಿದ್ದ ಕಲ್ಲಿದ್ದಲು ಗಾಡಿಯನ್ನು ಮೂರೇ ಹೊಸ ಎಂಜಿನ್ನುಗಳು ಎಳೆಯತೊಡಗಿದವು. ಒಂದೊಂದರ ಬೆಲೆ ಹೆಚ್ಚಾದರೂ ಒಟ್ಟು ಸಂಖ್ಯೆ ಕಡಿಮೆಯಾದುದು ಆ ಖರೀದಿಯ ಹಿಂದಿನ ಲೆಕ್ಕಾಚಾರ.

1995ರ ಒಪ್ಪಂದ

ಭಾರತೀಯ ರೈಲ್ವೆಯು 1995ರಲ್ಲಿ ಜನರಲ್ ಮೋಟಾರ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಕೇವಲ ಎಂಜಿನ್ ಕೊಳ್ಳುವುದಕ್ಕೆ ಸೀಮಿತವಾಗದೆ, ಅದನ್ನು ವಾರಾಣಸಿಯಲ್ಲಿ ತಯಾರಿಸುವ ತಂತ್ರಜ್ಞಾನದ ವರ್ಗಾವಣೆಯೂ ಅದರಲ್ಲಿ ಸೇರಿತ್ತು. ಇದನ್ನು ಮೂರು ಹಂತಗಳಲ್ಲಿ ಜಾರಿಗೆ ತರಲಾಯಿತು.

ಮೊದಲ ಹಂತದಲ್ಲಿ 13 ಎಂಜಿನ್ನುಗಳು ಕೆನಡಾದ ಒಂಟಾರಿಯೊ ಪ್ರಾಂತದ ಲಂಡನ್ ನಗರದ ಕಾರ್ಖಾನೆಯಲ್ಲಿ ಪೂರ್ಣವಾಗಿ ತಯಾರಾಗಿ ಬಂದವು. 12001ರಿಂದ ಸಂಖ್ಯೆಯನ್ನು ಪಡೆದ ಇವು 1999ರಲ್ಲಿ ಸೇವೆಗೆ ಸೇರಿದವು. ಎರಡನೆಯ ಹಂತದಲ್ಲಿ 8 ಎಂಜಿನ್ನುಗಳು ಬಿಡಿಭಾಗಗಳ ರೂಪದಲ್ಲಿ ಬಂದು ವಾರಾಣಸಿಯಲ್ಲಿ ಜೋಡಣೆಗೊಂಡವು. ಮೂರನೆಯ ಹಂತದಲ್ಲಿ ಸ್ವದೇಶಿ ತಯಾರಿಕೆ ಆರಂಭವಾಗಿ, 2002ರಲ್ಲಿ 'ವಿಜಯ್' ಎಂಬ ಹೆಸರಿನ 12022 ಸಂಖ್ಯೆಯ ಎಂಜಿನ್ ಹೊರಬಂದಿತು.

ಈ ಕ್ರಮವು ಗಮನಾರ್ಹ. ಮೊದಲು ಸಿದ್ಧ ಯಂತ್ರವನ್ನು ಓಡಿಸಿ ನೋಡುವುದು, ಬಳಿಕ ಬಿಡಿಸಿದ ಯಂತ್ರವನ್ನು ಜೋಡಿಸಲು ಕಲಿಯುವುದು, ಕೊನೆಗೆ ಒಂದೊಂದೇ ಭಾಗವನ್ನು ಇಲ್ಲಿಯೇ ತಯಾರಿಸುವುದು. ಯಾವ ಭಾಗ ಇಲ್ಲಿನ ಧೂಳು, ಬಿಸಿಲು ಮತ್ತು ಮಳೆಗೆ ತಾಳುತ್ತದೆ, ಯಾವುದನ್ನು ಬದಲಿಸಬೇಕು ಎಂಬುದು ತಯಾರಿಕೆಗೆ ಕೈಹಾಕುವ ಮೊದಲೇ ಬಳಕೆಯಿಂದ ತಿಳಿಯುತ್ತದೆ.

ಎಂಜಿನ್ ಕೆಲಸ ಮಾಡುವ ಬಗೆ

ಡಬ್ಲ್ಯೂಡಿಜಿ-4 ಎಂಜಿನ್ನಿನ ಹೃದಯವೆಂದರೆ 16 ಸಿಲಿಂಡರುಗಳ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್. ಪ್ರತಿ ಸಿಲಿಂಡರಿನ ಗಾತ್ರ 710 ಘನ ಅಂಗುಲವಾದುದರಿಂದ ಇದನ್ನು '710' ಎಂದೇ ಕರೆಯುತ್ತಾರೆ. ಇದು ತಿರುಗಿಸುವ ಆಲ್ಟರ್ನೇಟರಿನಿಂದ ಬಂದ ಎ.ಸಿ. ವಿದ್ಯುತ್ತನ್ನು ಮೊದಲು ಡಿ.ಸಿ.ಯಾಗಿ ಪರಿವರ್ತಿಸಲಾಗುತ್ತದೆ. ಬಳಿಕ ಇನ್ವರ್ಟರ್ ಎಂಬ ಸಾಧನವು ಅದನ್ನು ಪುನಃ ಮೂರು ಫೇಸಿನ ಎ.ಸಿ.ಯಾಗಿ, ಬೇಕಾದ ಆವರ್ತನದಲ್ಲಿ, ಮೋಟಾರುಗಳಿಗೆ ಕೊಡುತ್ತದೆ. ಆರು ಅಚ್ಚುಗಳಿಗೆ ಆರು ಮೋಟಾರುಗಳು. ಮೂಲ ವಿನ್ಯಾಸದಲ್ಲಿ ಮೂರು ಅಚ್ಚುಗಳ ಪ್ರತಿ ಬೋಗಿಗೆ ಒಂದರಂತೆ ಎರಡು ಇನ್ವರ್ಟರುಗಳಿದ್ದವು.

ಎರಡು ಬಾರಿ ಪರಿವರ್ತಿಸುವ ಈ ಸುತ್ತುದಾರಿ ಏಕೆ ಎಂಬ ಪ್ರಶ್ನೆ ಸಹಜ. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಇಂಡಕ್ಷನ್ ಮೋಟಾರಿನ ಜಾತಿಗೇ ಇವೂ ಸೇರಿವೆ. ಇಂತಹ ಮೋಟಾರಿಗೆ ಬ್ರಷ್ಷಿಲ್ಲ, ಕಮ್ಯುಟೇಟರಿಲ್ಲ, ಗಟ್ಟಿಮುಟ್ಟಾದುದು. ಆದರೆ ಅದರ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುತ್ತದೆ. ಇನ್ವರ್ಟರ್ ಆ ಆವರ್ತನವನ್ನೇ ಬದಲಿಸುವುದರಿಂದ ಮೋಟಾರಿನ ವೇಗ ಮತ್ತು ಬಲ ಎರಡನ್ನೂ ಹಿಡಿತದಲ್ಲಿಡಬಹುದು. ಹಿಟ್ಟಿನ ಗಿರಣಿ, ಪಂಪು ಮತ್ತು ಲೇತುಗಳಿಗೆ ಉದ್ಯಮಿಗಳು ಅಳವಡಿಸಿಕೊಳ್ಳುವ ವೇಗ ನಿಯಂತ್ರಕ ಡ್ರೈವುಗಳ ಹಿಂದೆ ಇರುವುದೂ ಇದೇ ತತ್ತ್ವ.

ಇದರಿಂದಾಗುವ ಲಾಭವನ್ನು ಅಂಕಿಗಳಲ್ಲಿ ನೋಡಬಹುದು. ಡಬ್ಲ್ಯೂಡಿಜಿ-3ಎ ಎಂಜಿನ್ನಿನ ತೂಕ 123 ಟನ್. ಡಬ್ಲ್ಯೂಡಿಜಿ-4ರ ತೂಕ 126 ಟನ್. ತೂಕದಲ್ಲಿ ವ್ಯತ್ಯಾಸ ಅತ್ಯಲ್ಪ. ಅಶ್ವಶಕ್ತಿ 3,100ರಿಂದ 4,000ಕ್ಕೆ ಏರಿತು, ಅಂದರೆ ಶೇ. 29ರಷ್ಟು ಹೆಚ್ಚಳ. ಆದರೆ ನಿಂತ ಗಾಡಿಯನ್ನು ಹೊರಡಿಸುವ ಎಳೆತದ ಬಲ ಸುಮಾರು 38 ಟನ್ನಿನಿಂದ ಸುಮಾರು 53 ಟನ್ನಿಗೆ, ಅಂದರೆ ಶೇ. 39ರಷ್ಟು ಏರಿತು. ಬೇರೆ ಮಾತಿನಲ್ಲಿ ಹೇಳುವುದಾದರೆ, ಹಳೆಯ ಎಂಜಿನ್ ತನ್ನ ತೂಕದ ಶೇ. 31ರಷ್ಟು ಬಲವನ್ನು ಹಳಿಯ ಮೇಲೆ ಹಾಕುತ್ತಿದ್ದರೆ, ಹೊಸದು ಶೇ. 42ರಷ್ಟನ್ನು ಹಾಕುತ್ತದೆ. ಚಕ್ರ ಜಾರತೊಡಗಿದ ಕ್ಷಣವನ್ನು ಕಂಪ್ಯೂಟರ್ ಗುರುತಿಸಿ ಬಲವನ್ನು ತಕ್ಕಷ್ಟೇ ತಗ್ಗಿಸುವುದರಿಂದ ಇದು ಸಾಧ್ಯವಾಯಿತು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಇದು ಅದೇ ಆಸ್ತಿಯಿಂದ ಹೆಚ್ಚು ದುಡಿಮೆ ಪಡೆದಂತೆ.

ಘಟ್ಟದ ಪರೀಕ್ಷೆ

ಈ ಎಂಜಿನ್ನುಗಳಿಗೆ ಹುಬ್ಬಳ್ಳಿಯು ಮೊದಲ ನೆಲೆಯಾದುದು ಆ ಭಾಗದ ಸರಕು ಸಾಗಣೆಗೆ ಬಹಳ ಅನುಕೂಲವಾಯಿತು. ಒಂದೆಡೆ ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಕಬ್ಬಿಣದ ಅದಿರು. ಇನ್ನೊಂದೆಡೆ ಗೋವೆಯ ಮರ್ಮಗೋವಾ ಬಂದರು. ನಡುವೆ ಪಶ್ಚಿಮ ಘಟ್ಟ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಸುಮಾರು 26 ಕಿಲೋಮೀಟರ್ ಬ್ರಗಾಂಜಾ ಘಟ್ಟದಲ್ಲಿ ಇಳಿಜಾರು 37ಕ್ಕೆ 1ರಷ್ಟು ಕಡಿದಾಗಿದೆ. ಅಂದರೆ 37 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಏರಬೇಕು. ರೈಲ್ವೆಯ ಮಟ್ಟಿಗೆ ಇದು ತೀವ್ರವಾದ ಏರು.

ಅದಿರು ಇಳಿಯುವ ದಿಕ್ಕಿನಲ್ಲಿ ಸಾಗಿದರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೇಕಾದ ಆಮದು ಕಲ್ಲಿದ್ದಲು ಏರುವ ದಿಕ್ಕಿನಲ್ಲಿ ಸಾಗುತ್ತದೆ. 58 ಬಾಕ್ಸ್‌ಎನ್ ವ್ಯಾಗನ್ನುಗಳ ಒಂದು ತುಂಬಿದ ರೇಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ವ್ಯಾಗನ್ನಿನ ಒಟ್ಟು ತೂಕ 81.28 ಟನ್ ಆದರೆ ರೇಕಿನ ತೂಕ ಸುಮಾರು 4,714 ಟನ್. 37ಕ್ಕೆ 1ರ ಏರಿನಲ್ಲಿ ಇದು ಹಿಂದಕ್ಕೆ ಜಗ್ಗುವ ಬಲವೇ ಸುಮಾರು 127 ಟನ್. 38 ಟನ್ ಬಲದ ಎಂಜಿನ್ನುಗಳಾದರೆ ಕನಿಷ್ಠ ನಾಲ್ಕು ಬೇಕು. 53 ಟನ್ ಬಲದವಾದರೆ ಮೂರು ಸಾಕು. ಇದು ಸ್ಥೂಲ ಲೆಕ್ಕ. ಎಂಜಿನ್ನುಗಳ ಸ್ವಂತ ತೂಕ, ಘರ್ಷಣೆ, ತಿರುವುಗಳು, ಮಳೆಗಾಲದ ಒದ್ದೆ ಹಳಿ ಮತ್ತು ಸುರಕ್ಷತೆಯ ಅಂತರಗಳನ್ನು ಸೇರಿಸಿದಾಗ ವಾಸ್ತವದಲ್ಲಿ ಹೆಚ್ಚು ಎಂಜಿನ್ನುಗಳನ್ನು, ಗಾಡಿಯ ಹಿಂಬದಿಯಿಂದ ತಳ್ಳುವವೂ ಸೇರಿದಂತೆ, ಹಾಕಬೇಕಾಗುತ್ತದೆ. ಆದರೆ ಎರಡು ಮಾದರಿಗಳ ನಡುವಣ ಅನುಪಾತ ಮಾತ್ರ ಇದೇ.

ಇಳಿಯುವಾಗ ಪ್ರಶ್ನೆ ಎಳೆಯುವುದಲ್ಲ, ತಡೆಯುವುದು. ಆಗ ಮೋಟಾರುಗಳೇ ಜನರೇಟರುಗಳಂತೆ ವರ್ತಿಸಿ ಗಾಡಿಯ ವೇಗವನ್ನು ಹಿಡಿಯುತ್ತವೆ. ಡಿ.ಸಿ. ಮೋಟಾರುಗಳಲ್ಲಿ ವೇಗ ತಗ್ಗಿದಂತೆ ಈ ಹಿಡಿತವೂ ಸಡಿಲವಾಗುತ್ತಿತ್ತು; ಎ.ಸಿ. ಮೋಟಾರುಗಳಲ್ಲಿ ಅತಿ ಕಡಿಮೆ ವೇಗದವರೆಗೂ ಅದು ಉಳಿಯುತ್ತದೆ. ಬ್ರೇಕು ಕಟ್ಟೆಗಳ ಸವೆತ ಕಡಿಮೆಯಾಗುತ್ತದೆ. ಘಟ್ಟದಲ್ಲಿ ಗಾಡಿ ಹೆಚ್ಚು ಸುರಕ್ಷಿತವಾಗಿರುತ್ತದೆ.

2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟು ನೈಋತ್ಯ ರೈಲ್ವೆಯು ಅಸ್ತಿತ್ವಕ್ಕೆ ಬಂದಾಗ ಈ ಎಂಜಿನ್ನುಗಳು ಅದರ ಮುಖ್ಯ ಆಸ್ತಿಯಾಗಿದ್ದವು. ಆ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ರಫ್ತು ಉಬ್ಬಿದಾಗ ಅವುಗಳಿಗೆ ಬಿಡುವಿಲ್ಲದ ದುಡಿಮೆ ಇತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತಿಗೆ ತಡೆ ಹಾಕಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ಸ್ಥಗಿತಗೊಳಿಸಿತು. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಅದರ ಗಳಿಕೆ ಸರಕನ್ನು ಅವಲಂಬಿಸಿದೆ ಎಂಬುದನ್ನು ಆ ಎರಡು ವರ್ಷಗಳು ತೋರಿಸಿಕೊಟ್ಟವು.

ನಿರ್ವಹಣೆಯ ಉಳಿತಾಯ

ಬಂಡವಾಳ ಯಂತ್ರದ ನಿಜವಾದ ವೆಚ್ಚ ತಿಳಿಯುವುದು ನಿರ್ವಹಣೆಯ ಖಾತೆಯಲ್ಲಿ. 710 ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್, ಲೈನರ್, ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡುಗಳನ್ನು ಒಟ್ಟಾಗಿ 'ಪವರ್ ಅಸೆಂಬ್ಲಿ' ಎಂದು ಕರೆಯುತ್ತಾರೆ. ಒಂದು ಸಿಲಿಂಡರಿನಲ್ಲಿ ದೋಷ ಕಂಡರೆ ಆ ಇಡೀ ಗಂಟನ್ನು ತೆಗೆದು ಸಿದ್ಧವಾಗಿಟ್ಟ ಇನ್ನೊಂದನ್ನು ಕೂರಿಸಲಾಗುತ್ತದೆ. ಕೆಟ್ಟದ್ದನ್ನು ಬಳಿಕ ನಿಧಾನವಾಗಿ ದುರಸ್ತಿ ಮಾಡಬಹುದು. ಎಂಜಿನ್ ಶೆಡ್ಡಿನಲ್ಲಿ ನಿಲ್ಲುವ ಕಾಲ ಕಡಿಮೆಯಾಗುತ್ತದೆ. ಎ.ಸಿ. ಮೋಟಾರಿಗೆ ಬ್ರಷ್ಷು ಬದಲಿಸುವ ಕೆಲಸವೇ ಇಲ್ಲ.

ಇದಕ್ಕೆ ಪ್ರತಿಯಾಗಿ ಬೇರೊಂದು ಖರ್ಚು ಬಂದಿತು. ಸಿದ್ಧ ಪವರ್ ಅಸೆಂಬ್ಲಿಗಳನ್ನೂ ಇಲೆಕ್ಟ್ರಾನಿಕ್ ಭಾಗಗಳನ್ನೂ ದಾಸ್ತಾನಿನಲ್ಲಿ ಇಟ್ಟುಕೊಳ್ಳಬೇಕು, ಅವು ದುಬಾರಿ. ಇನ್ವರ್ಟರ್ ಕೆಟ್ಟರೆ ಸುತ್ತಿಗೆ ಸ್ಪ್ಯಾನರುಗಳಿಂದ ಪರಿಹಾರವಿಲ್ಲ, ಪರಿಣತರು ಬೇಕು. ಆದುದರಿಂದ ಹೊಸ ಯಂತ್ರ ಬಂದಾಗ ಕೂಲಿಯ ಖರ್ಚು ತಗ್ಗಿ, ದಾಸ್ತಾನಿನ ಬಡ್ಡಿ ಮತ್ತು ತರಬೇತಿಯ ಖರ್ಚು ಏರುವುದು ಸಹಜ. ಎರಡನ್ನೂ ಕೂಡಿ ನೋಡದೆ ಉಳಿತಾಯವನ್ನು ನಿರ್ಣಯಿಸಬಾರದು.

ಬೆಳವಣಿಗೆ ಮತ್ತು ಕವಲುಗಳು

ಮೂಲ ವಿನ್ಯಾಸ ನಿಂತಲ್ಲಿ ನಿಲ್ಲಲಿಲ್ಲ. 2001ರಲ್ಲಿ ಇದೇ ಕುಟುಂಬದ ಡಬ್ಲ್ಯೂಡಿಪಿ-4 ಎಂಬ ಪ್ರಯಾಣಿಕ ಗಾಡಿಯ ಎಂಜಿನ್ನುಗಳು ಬಂದವು. ಅವುಗಳ ಮೊದಲ ತಂಡದ ನೆಲೆಯೂ ಹುಬ್ಬಳ್ಳಿಯೇ. ಮುಂದೆ ಡಬ್ಲ್ಯೂಡಿಜಿ-4ರ ಶಕ್ತಿಯನ್ನು 4,500 ಅಶ್ವಶಕ್ತಿಗೆ ಏರಿಸಲಾಯಿತು. ಇನ್ವರ್ಟರುಗಳಲ್ಲಿ ಹಳೆಯ ಜಿಟಿಒ ಸಾಧನಗಳ ಬದಲು ಐಜಿಬಿಟಿ ಎಂಬ ಆಧುನಿಕ ಸಾಧನಗಳು ಬಂದವು. ಒಂದೇ ತುದಿಯಲ್ಲಿ ಕ್ಯಾಬು ಇದ್ದುದರಿಂದ ಉದ್ದನೆಯ ಮೂತಿ ಮುಂದಾಗಿ ಓಡುವಾಗ ಚಾಲಕರಿಗೆ ಹಳಿ ಸರಿಯಾಗಿ ಕಾಣುತ್ತಿರಲಿಲ್ಲ; ಈ ತೊಂದರೆಯನ್ನು ನೀಗಿಸಲು ಎರಡೂ ತುದಿಗಳಲ್ಲಿ ಕ್ಯಾಬುಗಳುಳ್ಳ ಡಬ್ಲ್ಯೂಡಿಜಿ-4ಡಿ ಮಾದರಿಯನ್ನು ರೂಪಿಸಲಾಯಿತು. 2012ರಲ್ಲಿ 20 ಸಿಲಿಂಡರುಗಳ, 5,500 ಅಶ್ವಶಕ್ತಿಯ ಡಬ್ಲ್ಯೂಡಿಜಿ-5 ಮಾದರಿ ಹೊರಬಂದಿತು. ಒಟ್ಟಿನಲ್ಲಿ ಡಬ್ಲ್ಯೂಡಿಜಿ-4 ಬಗೆಯ ಎಂಜಿನ್ನುಗಳ ಸಂಖ್ಯೆ ಸಾವಿರವನ್ನು ಮೀರಿತು.

ಈ ನಡುವೆ ವಿದ್ಯೆ ಕೊಟ್ಟವರ ಮನೆಯಲ್ಲಿ ಬದಲಾವಣೆಗಳಾದವು. 2005ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಎಲೆಕ್ಟ್ರೋ-ಮೋಟಿವ್ ವಿಭಾಗವನ್ನು ಮಾರಿತು. 2010ರಲ್ಲಿ ಅದು ಕ್ಯಾಟರ್‌ಪಿಲ್ಲರ್ ಸಮೂಹದ ಪ್ರೋಗ್ರೆಸ್ ರೈಲ್ ಕಂಪನಿಯ ಕೈಸೇರಿತು. ಭಾರತದ ಮೊದಲ ಎಂಜಿನ್ನುಗಳು ತಯಾರಾದ ಕೆನಡಾದ ಲಂಡನ್ ಕಾರ್ಖಾನೆ 2012ರಲ್ಲಿ ಮುಚ್ಚಿಹೋಯಿತು. ಆಲ್ಕೊ ವಿಷಯದಲ್ಲಿ ಆದುದೇ ಮತ್ತೊಮ್ಮೆ ಆಯಿತು. ಈ ಬಾರಿಯೂ ವಾರಾಣಸಿಯಲ್ಲಿ ತಯಾರಿಕೆ ನಿಲ್ಲಲಿಲ್ಲ. ತಂತ್ರಜ್ಞಾನ ವರ್ಗಾವಣೆಗೆ ಕೊಟ್ಟ ಹಣವನ್ನು ಕೆಲವರು ವ್ಯರ್ಥ ವೆಚ್ಚವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಒಂದು ಬಗೆಯ ವಿಮಾ ಕಂತು. ಮಾರಿದವನು ಇಲ್ಲವಾದಾಗ ಅದರ ಬೆಲೆ ತಿಳಿಯುತ್ತದೆ.

ಕಾಲದ ತಿರುವು

2015ರ ನವೆಂಬರಿನಲ್ಲಿ ರೈಲ್ವೆಯು ಜನರಲ್ ಎಲೆಕ್ಟ್ರಿಕ್ ಕಂಪನಿಯೊಡನೆ 1,000 ಡೀಸೆಲ್ ಎಂಜಿನ್ನುಗಳ ಒಪ್ಪಂದಕ್ಕೆ ಬಂದಿತು. ಇವನ್ನು ತಯಾರಿಸಲು ಬಿಹಾರದ ಮಢೌರಾದಲ್ಲಿ ಹೊಸ ಕಾರ್ಖಾನೆ ಏರ್ಪಟ್ಟಿತು. ಸರಕು ಡೀಸೆಲ್ ಎಂಜಿನ್ನಿನ ಕ್ಷೇತ್ರದಲ್ಲಿ ವಾರಾಣಸಿಗೆ ಇನ್ನೊಂದು ಕಾರ್ಖಾನೆಯ ಪೈಪೋಟಿ ಎದುರಾಯಿತು.

ಅದಕ್ಕಿಂತಲೂ ದೊಡ್ಡ ತಿರುವು ಬೇರೆ ದಿಕ್ಕಿನಿಂದ ಬಂದಿತು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಉಳಿದ ಬ್ರಾಡ್‌ಗೇಜ್ ಮಾರ್ಗಗಳೆಲ್ಲವನ್ನೂ ವಿದ್ಯುದೀಕರಿಸಲು ಒಪ್ಪಿಗೆ ನೀಡಿತು. ಆಮದು ಮಾಡಿದ ಕಚ್ಚಾ ತೈಲದ ಮೇಲಿನ ಅವಲಂಬನೆ ಮತ್ತು ಡೀಸೆಲ್ ಬಿಲ್ಲು ತಗ್ಗಿಸುವುದು ಇದರ ಉದ್ದೇಶ. ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ನಿನ ಮೋಟಾರುಗಳು ಉತ್ಪಾದಿಸುವ ವಿದ್ಯುತ್ತು ಶಾಖವಾಗಿ ಗಾಳಿಗೆ ಹೋಗುತ್ತದೆ. ಮೂರು ಫೇಸಿನ ವಿದ್ಯುತ್ ಎಂಜಿನ್ನುಗಳಲ್ಲಿ ಅದು ಮೇಲಿನ ತಂತಿಗೆ ಹಿಂತಿರುಗುತ್ತದೆ. ಘಟ್ಟ ಮಾರ್ಗಗಳಲ್ಲಿ ಇದು ಸಣ್ಣ ಮೊತ್ತವಲ್ಲ. 2025ರ ವೇಳೆಗೆ ದೇಶದ ಬ್ರಾಡ್‌ಗೇಜ್ ಜಾಲದ ಶೇ. 98ಕ್ಕೂ ಹೆಚ್ಚು ಭಾಗ ವಿದ್ಯುದೀಕರಣಗೊಂಡಿತ್ತು.

ರೈಲ್ವೆಯ ನಿಯಮದಂತೆ ಡೀಸೆಲ್ ಎಂಜಿನ್ನಿನ ಆಯುಸ್ಸು 36 ವರ್ಷ. ಇದರಂತೆ 1999ರಲ್ಲಿ ಬಂದ ಎಂಜಿನ್ 2035ರವರೆಗೂ, 2015ರಲ್ಲಿ ತಯಾರಾದುದು 2051ರವರೆಗೂ ದುಡಿಯಬೇಕು. ಯಂತ್ರದ ಶರೀರಕ್ಕೆ ಆ ತ್ರಾಣವಿದೆ. ಆದರೆ ತಂತಿ ಎಳೆದ ಮಾರ್ಗದಲ್ಲಿ ಅದಕ್ಕೆ ಪೂರ್ಣ ಕೆಲಸವಿಲ್ಲ. ಸವಕಳಿಯ ಪಟ್ಟಿಯಲ್ಲಿ ಬರೆದ ಆಯುಸ್ಸು ಬೇರೆ, ಗಳಿಸುವ ಆಯುಸ್ಸು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ವಾರಾಣಸಿಯ ಕಾರ್ಖಾನೆ ಇದನ್ನು ಎದುರಿಸಿದ ರೀತಿ ಮೆಚ್ಚತಕ್ಕದ್ದು. 2017ರಿಂದಲೇ ಅದು ವಿದ್ಯುತ್ ಎಂಜಿನ್ನುಗಳ ತಯಾರಿಕೆಗೆ ತೊಡಗಿತು. ಹಳೆಯ ಡೀಸೆಲ್ ಎಂಜಿನ್ನನ್ನೇ ವಿದ್ಯುತ್ ಎಂಜಿನ್ನಾಗಿ ಮಾರ್ಪಡಿಸುವ ಪ್ರಯೋಗವನ್ನೂ ಮಾಡಿತು. 2020ರಲ್ಲಿ ಅದರ ಹೆಸರಿನಿಂದ 'ಡೀಸೆಲ್' ಎಂಬ ಪದವೇ ಹೋಗಿ, ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎಂಬ ಹೆಸರು ಬಂದಿತು. ಡೀಸೆಲ್ ಎಂಜಿನ್ನುಗಳನ್ನು ಮೊಜಾಂಬಿಕ್ ಮೊದಲಾದ ದೇಶಗಳಿಗೆ ರಫ್ತು ಮಾಡಿತು. ಬ್ರಷ್ಷಿಲ್ಲದ ಮೂರು ಫೇಸಿನ ಮೋಟಾರು ಮತ್ತು ಇನ್ವರ್ಟರುಗಳ ತತ್ತ್ವ ಎರಡು ಬಗೆಯ ಎಂಜಿನ್ನುಗಳಿಗೂ ಸಮಾನ. ಬದಲಾದುದು ವಿದ್ಯುತ್ತಿನ ಮೂಲ ಮಾತ್ರ. ಹದಿನೈದು ವರ್ಷ ಡಬ್ಲ್ಯೂಡಿಜಿ-4 ತಯಾರಿಸಿ ಪಡೆದ ಆ ಅನುಭವ ಹೊಸ ಕೆಲಸಕ್ಕೂ ಉಪಯುಕ್ತವಾಗುವಂಥದು.

ಉದ್ಯಮಿಗಳಿಗೆ ಇದರಿಂದ ತಿಳಿಯುವುದೇನು

ಮೊದಲನೆಯದಾಗಿ, ಬೆಲೆ ಮತ್ತು ವೆಚ್ಚ ಒಂದೇ ಅಲ್ಲ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಒಬ್ಬ ಸಣ್ಣ ತಯಾರಕನ ಮುಂದೆ ಎರಡು ಯಂತ್ರಗಳಿವೆ. ಮೊದಲನೆಯದರ ಬೆಲೆ 10 ಲಕ್ಷ ರೂಪಾಯಿ, ವಾರ್ಷಿಕ ಇಂಧನ ಮತ್ತು ದುರಸ್ತಿ ವೆಚ್ಚ 6 ಲಕ್ಷ. ಎರಡನೆಯದರ ಬೆಲೆ 16 ಲಕ್ಷ, ವಾರ್ಷಿಕ ವೆಚ್ಚ ನಾಲ್ಕೂವರೆ ಲಕ್ಷ. ಹೆಚ್ಚುವರಿ ಹೂಡಿಕೆ 6 ಲಕ್ಷ, ವಾರ್ಷಿಕ ಉಳಿತಾಯ ಒಂದೂವರೆ ಲಕ್ಷ. ಮೇಲ್ನೋಟಕ್ಕೆ ನಾಲ್ಕು ವರ್ಷಗಳಲ್ಲಿ ಹಣ ಹಿಂತಿರುಗುತ್ತದೆ.

ಆದರೆ ಬಂಡವಾಳಕ್ಕೆ ಶೇ. 12ರ ಬಡ್ಡಿಯನ್ನು ಲೆಕ್ಕ ಹಿಡಿದರೆ ಹಣ ಹಿಂತಿರುಗಲು ಸುಮಾರು ಆರು ವರ್ಷ ಬೇಕು. ಹತ್ತು ವರ್ಷ ಪೂರ್ಣ ಕೆಲಸವಿದ್ದರೆ ಆ ಉಳಿತಾಯದ ಇಂದಿನ ಮೌಲ್ಯ ಸುಮಾರು 8,47,500 ರೂಪಾಯಿ. ದುಬಾರಿ ಯಂತ್ರವೇ ಲಾಭಕರ. ಐದೇ ವರ್ಷಗಳಲ್ಲಿ ಕೆಲಸ ನಿಂತರೆ ಅದು ಸುಮಾರು 5,41,000 ರೂಪಾಯಿ. ಅಗ್ಗದ ಯಂತ್ರವೇ ಸರಿಯಾದ ಆಯ್ಕೆಯಾಗುತ್ತಿತ್ತು. ತೆರಿಗೆ ಮತ್ತು ಗುಜರಿ ಬೆಲೆಗಳನ್ನು ಇಲ್ಲಿ ಸೇರಿಸಿಲ್ಲ. ಎರಡೂ ಸಂದರ್ಭಗಳಲ್ಲಿ ಯಂತ್ರ ಅದೇ, ಬೆಲೆ ಅದೇ. ನಿರ್ಣಯವನ್ನು ಬದಲಿಸುವುದು ಕೆಲಸ ಎಷ್ಟು ವರ್ಷ ಇರುತ್ತದೆ ಎಂಬುದು. ಸಾಲ ಕೊಡುವ ಬ್ಯಾಂಕು ಯಂತ್ರದ ಆಯುಸ್ಸನ್ನು ಕೇಳುತ್ತದೆ. ಉದ್ಯಮಿ ತನ್ನ ಮಾರುಕಟ್ಟೆಯ ಆಯುಸ್ಸನ್ನು ತಾನೇ ಕೇಳಿಕೊಳ್ಳಬೇಕು.

ಎರಡನೆಯದಾಗಿ, ದುಬಾರಿ ಯಂತ್ರವನ್ನು ಬಿಡುವಾಗಿ ಇಡಬಾರದು. ಮೇಲಿನ ಉದಾಹರಣೆಯ ಒಂದೂವರೆ ಲಕ್ಷದ ಉಳಿತಾಯ ಪೂರ್ಣ ದುಡಿಮೆಯ ಮೇಲೆ ನಿಂತಿದೆ. ಅರ್ಧ ದಿನ ಮಾತ್ರ ಓಡಿಸುವ ಯಂತ್ರದಲ್ಲಿ ಉಳಿತಾಯವೂ ಅರ್ಧವಾಗುತ್ತದೆ. ಬಡ್ಡಿ ಮಾತ್ರ ಪೂರ್ಣವಾಗಿ ಬೀಳುತ್ತದೆ.

ಮೂರನೆಯದಾಗಿ, ಯಂತ್ರವನ್ನು ಕೊಳ್ಳುವಾಗ ಅದರ ವಿದ್ಯೆಯ ಎಷ್ಟು ಭಾಗ ತನಗೆ ದೊರೆಯುತ್ತದೆ ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು. ನಕ್ಷೆಗಳು, ಬಿಡಿಭಾಗಗಳ ಪಟ್ಟಿ, ದುರಸ್ತಿಯ ಕೈಪಿಡಿ, ಕೆಲಸಗಾರರ ತರಬೇತಿ, ನಿಯಂತ್ರಣ ತಂತ್ರಾಂಶದ ಬಳಕೆಯ ಹಕ್ಕು ಇವು ಪ್ರತ್ಯೇಕವಾಗಿ ನಮೂದಾಗಿರಬೇಕು. ಮಾರಿದ ಕಂಪನಿ ಬೇರೆಯವರ ಪಾಲಾದರೂ ಅಥವಾ ಮುಚ್ಚಿಹೋದರೂ ಯಂತ್ರ ಓಡುತ್ತಿರಬೇಕು. ಆಲ್ಕೊ ಮತ್ತು ಎಲೆಕ್ಟ್ರೋ-ಮೋಟಿವ್ ಎರಡೂ ಈ ಎಚ್ಚರಿಕೆ ಅನಗತ್ಯವಲ್ಲ ಎಂಬುದನ್ನು ತೋರಿಸಿವೆ.

ನಾಲ್ಕನೆಯದಾಗಿ, ಒಂದೇ ಮಾದರಿಗೆ ಭಾಗಗಳನ್ನು ಒದಗಿಸುವ ಉದ್ಯಮಿಯು ತಾನು ಮಾರುತ್ತಿರುವುದು ವಸ್ತುವನ್ನೋ ಕೌಶಲವನ್ನೋ ಎಂದು ಆಗಾಗ ಪರಿಶೀಲಿಸಿಕೊಳ್ಳಬೇಕು. ಡೀಸೆಲ್ ಎಂಜಿನ್ನಿನ ಇಂಧನ ಕೊಳವೆಯನ್ನು ಮಾತ್ರ ತಯಾರಿಸುವವನಿಗೆ ವಿದ್ಯುದೀಕರಣವು ಬಾಗಿಲು ಮುಚ್ಚುತ್ತದೆ. ಬೋಗಿಯ ಎರಕ, ಬ್ರೇಕಿನ ಭಾಗ, ಕೇಬಲ್ಲು, ತಂಪುಗೊಳಿಸುವ ಫ್ಯಾನು ಇವುಗಳನ್ನು ತಯಾರಿಸುವವನಿಗೆ ಗ್ರಾಹಕ ಅದೇ, ನಕ್ಷೆ ಮಾತ್ರ ಬೇರೆ. ಒಂದೇ ಆದೇಶದ ಮೇಲೆ ಒಟ್ಟು ವಹಿವಾಟಿನ ಹೆಚ್ಚಿನ ಪಾಲು ನಿಂತಿದ್ದರೆ, ಆ ಆದೇಶ ಭರ್ಜರಿಯಾಗಿ ಬರುತ್ತಿರುವ ವರ್ಷಗಳಲ್ಲಿಯೇ ಎರಡನೆಯ ದಾರಿಯನ್ನು ಸಿದ್ಧಪಡಿಸಿಕೊಳ್ಳುವುದು ಲೇಸು. ವಾರಾಣಸಿಯು ತನ್ನ ಮೊದಲ ವಿದ್ಯುತ್ ಎಂಜಿನ್ನನ್ನು ತಯಾರಿಸಿದುದು ಡೀಸೆಲ್ ಎಂಜಿನ್ನಿನ ಬೇಡಿಕೆ ಇನ್ನೂ ಇದ್ದಾಗಲೇ ಎಂಬುದನ್ನು ಮರೆಯಬಾರದು.

ಡಬ್ಲ್ಯೂಡಿಜಿ-4 ಎಂಜಿನ್ನುಗಳು ಹಳಿಗಳಿಂದ ಇನ್ನೂ ಮರೆಯಾಗಿಲ್ಲ. ಆದರೆ ಅವುಗಳ ಪೂರ್ಣ ಪ್ರಭಾವದ ಕಾಲ ಸುಮಾರು ಎರಡು ದಶಕಗಳಷ್ಟೇ. 36 ವರ್ಷಗಳೆಂದು ಬರೆದುಕೊಂಡ ಆಸ್ತಿಯ ವಿಷಯದಲ್ಲಿ ಇದು ನಷ್ಟದಂತೆ ಕಾಣಬಹುದು. ಘಟ್ಟ ಹತ್ತಿಸಿದ ಸರಕು, ತಗ್ಗಿದ ಎಂಜಿನ್ನುಗಳ ಸಂಖ್ಯೆ ಮತ್ತು ಕಾರ್ಖಾನೆ ಕಲಿತ ವಿದ್ಯೆ ಈ ಮೂರನ್ನೂ ಜಮೆಯ ಬದಿಗೆ ಬರೆದು ನೋಡಿದಾಗ ಮಾತ್ರ ಆ ಹೂಡಿಕೆಯ ನ್ಯಾಯವಾದ ತೀರ್ಮಾನ ಸಾಧ್ಯ.